ನೀರುಗಂಟಿ ಅಜ್ಜನ ಮನೆಗೆ ಪುಸ್ತಕ ತಲುಪಿದ್ದು

ಪತ್ರಿಕೆಯ ಜಿಲ್ಲಾ ಪುಟದಲ್ಲಿ ‘ಪಿಎಚ್.ಡಿ ಪ್ರದಾನ’ ಅಂತ ಸಣ್ಣ ಸುದ್ದಿಗಳು ಬರುತ್ತವಲ್ಲ, ಅವನ್ನು ನಾನು ಹೈಸ್ಕೂಲಿನ ದಿನಗಳಿಂದಲೂ ಬಿಡದೆ ಓದುತ್ತಿದ್ದೆ. ಅಂಚೆಚೀಟಿಯಷ್ಟು ಫೋಟೊ. ಕೆಳಗೆ ನಾಲ್ಕು ಸಾಲು. ಇಂಥವರು, ಇಂಥವರ ಮಾರ್ಗದರ್ಶನದಲ್ಲಿ ಸಲ್ಲಿಸಿದ ಮಹಾಪ್ರಬಂಧಕ್ಕೆ ವಿಶ್ವವಿದ್ಯಾಲಯ ಪದವಿ ನೀಡಿದೆ. ಅಷ್ಟೇ. 2023ರಲ್ಲಿ ಅದೇ ಜಾಗದಲ್ಲಿ ನನ್ನ ಫೋಟೊ ಬಂತು. ಅಮ್ಮ ಆ ತುಂಡನ್ನು ಕತ್ತರಿಸಿ ದೇವರ ಪಟದ ಚೌಕಟ್ಟಿಗೆ ಸಿಕ್ಕಿಸಿದರು. ಈಗಲೂ ಅಲ್ಲೇ ಇದೆ.

ಮೂರು ದಿನ ಬಿಟ್ಟು ಮುಳಬಾಗಿಲು ಕಡೆಯ ಒಂದು ಹಳ್ಳಿಯಿಂದ ಫೋನ್ ಬಂತು. ಕೆರೆ ನೀರು ಹಂಚುವ ನೀರುಗಂಟಿಗಳ ಬಗೆಗಿನ ನನ್ನ ಸಂಶೋಧನೆಗೆ ಎಲ್ಲರಿಗಿಂತ ಜಾಸ್ತಿ ಮಾತು ಕೊಟ್ಟ ಅಜ್ಜನ ಫೋನ್. ಮೊಮ್ಮಗಳು ಸುದ್ದಿ ಓದಿ ಹೇಳಿದ್ದಳಂತೆ. ‘ನಾನು ಹೇಳಿದ್ದನ್ನೆಲ್ಲ ಬರೆದಿದ್ದೀಯಾ ತಾಯಿ? ಪುಸ್ತಕ ಯಾವಾಗ ತಂದು ತೋರಿಸ್ತೀಯಾ?’ ಅಂದರು.

ಪುಸ್ತಕ ಇರಲಿಲ್ಲ. ಇದ್ದದ್ದು ನೀಲಿ ರೆಕ್ಸಿನ್ ಕಟ್ಟಿದ, ಬೆನ್ನಿನ ಮೇಲೆ ಬಂಗಾರದ ಬಣ್ಣದ ಅಕ್ಷರಗಳಿದ್ದ 342 ಪುಟದ ಮಹಾಪ್ರಬಂಧ. ಅಜ್ಜನ ಮೊಮ್ಮಗಳಿಗೆ ಅದನ್ನು ಕೊಟ್ಟರೆ ಎರಡು ಪುಟ ಓದಿ ಇಟ್ಟುಬಿಡುತ್ತಾಳೆ ಎಂಬುದು ನನಗೆ ಗೊತ್ತಿತ್ತು. ಆ ಫೋನಿನಿಂದ ಶುರುವಾದ ಕೆಲಸ ಮುಗಿಯಲು ಹದಿನಾಲ್ಕು ತಿಂಗಳು ಹಿಡಿಯಿತು. ಸಂಶೋಧನೆ ಮುಗಿಸಿ, ಮುಂದೇನು ಅಂತ ಯೋಚಿಸುತ್ತಿರುವವರಿಗೆ ಉಪಯೋಗಕ್ಕೆ ಬರಬಹುದು ಅಂತ ಇದನ್ನು ಬರೆಯುತ್ತಿದ್ದೇನೆ.

ನನ್ನ ವಿಷಯ ಕೋಲಾರ ಜಿಲ್ಲೆಯ ನೀರುಗಂಟಿಗಳು. ಕೆರೆಯ ತೂಬು ಎತ್ತಿ ಇಳಿಸುವವರು, ಕಾಲುವೆಯಲ್ಲಿ ನೀರು ನಡೆಸುವವರು, ಯಾವ ಗದ್ದೆಗೆ ಎಷ್ಟು ಹೊತ್ತು ಅಂತ ತೀರ್ಮಾನಿಸುವವರು. ನಾನು ಹೋದ ಊರುಗಳಲ್ಲಿ ಈ ಕೆಲಸ ಬಹುಪಾಲು ದಲಿತ ಕುಟುಂಬಗಳದಾಗಿತ್ತು. ಅಚ್ಚುಕಟ್ಟಿನಲ್ಲಿ ಅವರಿಗೆ ದೊಡ್ಡ ಜಮೀನು ಇರುತ್ತಿರಲಿಲ್ಲ. ‘ನಮ್ಮ ಗದ್ದೆ ಅಂತ ಇಲ್ಲದ್ದಕ್ಕೇ ಎಲ್ಲರಿಗೂ ಸಮ ನೀರು ಬಿಡೋಕೆ ಆಗ್ತಿತ್ತು’ ಅಂತ ಒಬ್ಬರು ಹೇಳಿದ್ದು ನನ್ನ ಟಿಪ್ಪಣಿ ಪುಸ್ತಕದ ಮೊದಲ ಹಾಳೆಯಲ್ಲಿದೆ. ಸುಗ್ಗಿಯಲ್ಲಿ ಕಣದಿಂದಲೇ ಅವರ ಪಾಲಿನ ಭತ್ತ ಹೋಗುತ್ತಿತ್ತು. ಬೋರ್‌ವೆಲ್ ಬಂದ ಮೇಲೆ ಕೆರೆ ನಂಬುವವರು ಕಡಿಮೆಯಾದರು. ಬೋರ್‌ವೆಲ್‌ಗಳು 1,000 ಅಡಿ ದಾಟಿದ ಮೇಲೆ ಕೆರೆಗಳೂ ಒಣಗಿದವು, ನೀರುಗಂಟಿಯ ಕೆಲಸವೂ ಹೋಯಿತು.

ನೋಂದಣಿ ಆದದ್ದು 2017ರಲ್ಲಿ. ಆಗ ಇದ್ದ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2016ರ ನಿಯಮದ ಪ್ರಕಾರ ಪಿಎಚ್.ಡಿಗೆ ಕನಿಷ್ಠ ಮೂರು ವರ್ಷ, ಗರಿಷ್ಠ ಆರು ವರ್ಷ. ಮಹಿಳೆಯರಿಗೆ ಎರಡು ವರ್ಷ ಹೆಚ್ಚು ಸಿಗುತ್ತಿತ್ತು, 240 ದಿನಗಳವರೆಗೆ ಹೆರಿಗೆ ರಜೆಯೂ ಇತ್ತು. ನನ್ನ ಮಗಳು ಹುಟ್ಟಿದ್ದು 2019ರಲ್ಲಿ. ಈ ನಿಯಮ ಗೊತ್ತಿಲ್ಲದೆ ಅರ್ಧಕ್ಕೆ ಬಿಟ್ಟ ಇಬ್ಬರು ಗೆಳತಿಯರು ನನಗಿದ್ದಾರೆ. ಯಾರಾದರೂ ಬಿಡುವ ಯೋಚನೆಯಲ್ಲಿದ್ದರೆ ಮೊದಲು ಈಗಿನ ನಿಯಮ ಓದಿ. ದಯವಿಟ್ಟು.

ಕ್ಷೇತ್ರಕಾರ್ಯ ಶುರು ಮಾಡಿದಾಗ ಕೆರೆಗಳು ಒಣಗಿದ್ದವು. 2018ರ ಬೇಸಿಗೆ ಮುಗಿಯುವ ಹೊತ್ತಿಗೆ ಕೆ.ಸಿ. ವ್ಯಾಲಿ (ಕೋರಮಂಗಲ–ಚಲ್ಲಘಟ್ಟ ಕಣಿವೆ) ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೋಲಾರಕ್ಕೆ ಬಂತು, ಮೊದಲು ಲಕ್ಷ್ಮೀಸಾಗರ ಕೆರೆಗೆ. ಎಷ್ಟೋ ವರ್ಷದ ಮೇಲೆ ನೀರು ಕಂಡ ಏರಿಯ ಮೇಲೆ ಜನ ಜಾತ್ರೆಯ ಹಾಗೆ ನಿಂತಿದ್ದರು. ಆದರೆ ಆ ನೀರು ಅಂತರ್ಜಲ ಹೆಚ್ಚಿಸುವುದಕ್ಕೆ. ತೂಬು ಎತ್ತಿ ನೇರವಾಗಿ ಗದ್ದೆಗೆ ಬಿಡುವುದಕ್ಕಲ್ಲ. ನನ್ನ ಜೊತೆ ಕೆರೆ ನೋಡಲು ಬಂದಿದ್ದ ಹಳೆಯ ನೀರುಗಂಟಿಯೊಬ್ಬರು ತುಂಬಿದ ಕೆರೆಯನ್ನೂ ಮುಚ್ಚಿದ ತೂಬನ್ನೂ ಬಹಳ ಹೊತ್ತು ನೋಡುತ್ತಾ ನಿಂತಿದ್ದರು. ಏನೂ ಮಾತಾಡಲಿಲ್ಲ. ನಾನೂ ರೆಕಾರ್ಡರ್ ಆಫ್ ಮಾಡಿದೆ.

ಊರಿನ ಮಾತು ಒಂದು ಕಡೆಯಾದರೆ ಶಾಸನ ಇನ್ನೊಂದು ಕಡೆ. ಬಿ.ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 10ನೇ ಸಂಪುಟ ಕೋಲಾರ ಜಿಲ್ಲೆಯದು, 1905ರಲ್ಲಿ ಬಂದದ್ದು. ಶಾಸನಗಳನ್ನು ತಾಲ್ಲೂಕುವಾರು ನಂಬರ್ ಹಾಕಿ ಜೋಡಿಸಿದ್ದಾರೆ. ಬಂಗಾರಪೇಟೆಯ ಶಾಸನ ಹುಡುಕುತ್ತಾ ಅರ್ಧ ದಿನ ಕಳೆದೆ. ಆಗಿನ ಹೆಸರು ಬೌರಿಂಗ್‌ಪೇಟೆ ಎಂಬುದು ಆಮೇಲೆ ಹೊಳೆಯಿತು. ಕೆರೆ ಕಟ್ಟಿಸಿದವರಿಗೆ, ತೂಬು ಇಡಿಸಿದವರಿಗೆ ಕೊಟ್ಟ ಭೂಮಿಯ ವಿಷಯ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಆ ಕೊಡುಗೆಗಳ ಹೆಸರು ಬಿತ್ತುವಟ, ಕಟ್ಟುಕೊಡಗೆ, ದಶವಂದ. ಮುಂಜಾನೆ ಲೈಬ್ರರಿಯಲ್ಲಿ ಈ ಪದಗಳನ್ನು ಓದಿ, ಸಂಜೆ ಹಳ್ಳಿಗೆ ಹೋಗಿ ‘ಕೆರೆ ಮಾನ್ಯದ ಜಮೀನು ಎಲ್ಲಿತ್ತು’ ಅಂತ ಕೇಳಿದರೆ ಜನ ಕೈ ತೋರಿಸುತ್ತಿದ್ದರು. ಸಾವಿರ ವರ್ಷದ ಹಿಂದಿನ ವ್ಯವಹಾರ ಮತ್ತು ನನ್ನ ಎದುರಿನ ಬೆರಳು ಒಂದೇ ಕಡೆ ತೋರಿಸುತ್ತಿದ್ದ ಆ ಗಳಿಗೆಗಳಿಗಾಗಿಯೇ ನಾನು ಈ ಕೆಲಸ ಮಾಡಿದೆ ಅನ್ನಿಸುತ್ತದೆ.

ಬರೆದು ಮುಗಿಸಿದ ಮೇಲಿನ ಕಷ್ಟ ಬೇರೆಯೇ. ಇಡೀ ಪ್ರಬಂಧವನ್ನು ನಾನು ಹಳೆಯ ನುಡಿ ತಂತ್ರಾಂಶದಲ್ಲಿ, ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪ್ ಮಾಡಿಸಿದ್ದೆ. ಕೃತಿಚೌರ್ಯ ಪರೀಕ್ಷೆಯ ತಂತ್ರಾಂಶ ಅದನ್ನು ಕನ್ನಡ ಅಂತ ಗುರುತಿಸಲೇ ಇಲ್ಲ. ಅದಕ್ಕೆ ಕಂಡದ್ದು ಬರೀ ಇಂಗ್ಲಿಷ್ ಅಕ್ಷರಗಳ, ಚಿಹ್ನೆಗಳ ರಾಶಿ. ಫಲಿತಾಂಶ ಸೊನ್ನೆ ಪ್ರತಿಶತ. ಕೆಲವರು ‘ಒಳ್ಳೇದೇ ಆಯ್ತಲ್ಲ, ಹಾಗೇ ಕೊಡಿ’ ಅಂದರು. ನನಗೆ ಮನಸ್ಸು ಒಪ್ಪಲಿಲ್ಲ. ಯೂನಿಕೋಡಿಗೆ ಬದಲಾಯಿಸಿದೆ. ಆಗ ಅರ್ಕಾವತ್ತು ಇದ್ದ ಪದಗಳೆಲ್ಲ ಕೆಟ್ಟವು. ‘ವರ್ಷ’ ಹೋಗಿ ‘ವಷರ್’ ಆಯಿತು, ‘ಕಾರ್ಯ’ ಹೋಗಿ ‘ಕಾಯರ್’ ಆಯಿತು. 342 ಪುಟಗಳನ್ನು ಸಾಲು ಸಾಲಾಗಿ ತಿದ್ದಲು ಏಳು ವಾರ ಬೇಕಾಯಿತು. ಮಗಳನ್ನು ಮಲಗಿಸಿ ರಾತ್ರಿ ಹತ್ತರಿಂದ ಒಂದರವರೆಗೆ ಕೂರುತ್ತಿದ್ದೆ.

ಮತ್ತೆ ಪರೀಕ್ಷೆಗೆ ಹಾಕಿದಾಗ ಶಾಸನಗಳ ಸಾಲುಗಳೆಲ್ಲ ಬಣ್ಣ ಬಣ್ಣವಾಗಿ ಎದ್ದು ನಿಂತವು. ಬೇರೆ ಕಡೆಯೂ ಅದೇ ಪಠ್ಯ ಇರುತ್ತದಲ್ಲ. ಯುಜಿಸಿಯ 2018ರ ನಿಯಮದಲ್ಲಿ ಶೇ 10ರವರೆಗಿನ ಹೋಲಿಕೆಗೆ ದಂಡವಿಲ್ಲ. ಮೂಲ ಹೇಳಿ ಎತ್ತಿಕೊಂಡ ಮಾತುಗಳನ್ನು, ಗ್ರಂಥಋಣವನ್ನು ಲೆಕ್ಕದಿಂದ ಬಿಡಬೇಕು ಅಂತಲೂ ಇದೆ. ಅವನ್ನು ಬಿಟ್ಟು ನೋಡಿದಾಗ ಶೇ 6 ಬಂತು. ಹೊಸದಾಗಿ ಬರೆಯುವವರಿಗೆ ನನ್ನ ಒಂದೇ ಬೇಡಿಕೆ: ಮೊದಲ ಪುಟದಿಂದಲೇ ಯೂನಿಕೋಡ್ ಬಳಸಿ. ಕನ್ನಡದ ಸಂಶೋಧನೆ ಯಂತ್ರಕ್ಕೂ ಕನ್ನಡವಾಗಿಯೇ ಕಾಣಬೇಕು. ಇಲ್ಲದಿದ್ದರೆ ನಾಳೆ ಯಾರು ಹುಡುಕಿದರೂ ಅದು ಸಿಗುವುದಿಲ್ಲ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ಶೋಧಗಂಗಾ ಎಂಬ ಆನ್‌ಲೈನ್ ಭಂಡಾರದಲ್ಲಿ ದೇಶದ ಲಕ್ಷಾಂತರ ಮಹಾಪ್ರಬಂಧಗಳಿವೆ. ನಮ್ಮದೂ ಅಲ್ಲಿಗೆ ಹೋಗುತ್ತದೆ. ಹೋಗಿ ಮುಚ್ಚಿದ ಪೆಟ್ಟಿಗೆಯ ಹಾಗೆ ಕೂತರೆ ಏನು ಪ್ರಯೋಜನ?

ವೈವಾ, ಅಂದರೆ ಮೌಖಿಕ ಪರೀಕ್ಷೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಂದೂವರೆ ಗಂಟೆ ನಡೆಯಿತು. ಹೊರಗಿನಿಂದ ಬಂದ ಪರೀಕ್ಷಕರು ಕೊನೆಗೆ ಒಂದು ಮಾತು ಹೇಳಿದರು. ‘ಅನುಬಂಧದಲ್ಲಿ ಹಾಕಿರುವ ಸಂದರ್ಶನಗಳೇ ನಿಮ್ಮ ನಿಜವಾದ ಪ್ರಬಂಧ. ಅವನ್ನು ಯಾಕೆ ಹಿಂದೆ ತಳ್ಳಿದ್ದೀರಿ?’ ಪದವಿ ಸಿಕ್ಕ ಖುಷಿಯಲ್ಲಿ ಆ ದಿನ ಅದು ಮನಸ್ಸಿಗೆ ಇಳಿಯಲಿಲ್ಲ. ಅಜ್ಜನ ಫೋನ್ ಬಂದಾಗ ನೆನಪಾಯಿತು.

ಪುಸ್ತಕಕ್ಕೆ ಮಾದರಿ ಸಿಕ್ಕಿದ್ದು ಒಂದು ಹಳೆಯ ಲೈಬ್ರರಿಯ ಮೂಲೆಯಲ್ಲಿ. ಮೈಸೂರು ವಿಶ್ವವಿದ್ಯಾಲಯ 1916ರಲ್ಲಿ ಶುರುವಾಯಿತಲ್ಲ, 1930ರ ದಶಕದಲ್ಲಿ ಅದರ ಅಧ್ಯಾಪಕರು ಹಳ್ಳಿ ಪಟ್ಟಣಗಳಿಗೆ ಹೋಗಿ ಕನ್ನಡದಲ್ಲಿ ಪ್ರಚಾರೋಪನ್ಯಾಸ ಕೊಡುತ್ತಿದ್ದರು. ಆ ಮಾತುಗಳೇ ಆಮೇಲೆ ಚಿಕ್ಕ ಪುಸ್ತಕಗಳಾಗಿ ಪ್ರಚಾರ ಪುಸ್ತಕಮಾಲೆಯಲ್ಲಿ ಬಂದವು. ಕೈಗೆ ಹಿಡಿಯುವಷ್ಟು ಗಾತ್ರ, ಕಡಿಮೆ ಬೆಲೆ. ಅಂಥ ಎರಡು ಮೂರು ಪುಸ್ತಕ ಓದಿದೆ. ವಿಷಯ ಹಗುರವಾಗಿರಲಿಲ್ಲ. ಆದರೆ ಎದುರಿಗೆ ಕೂತವರು ಯಾರು ಎಂಬುದು ಬರೆದವರಿಗೆ ಪ್ರತಿ ಸಾಲಿನಲ್ಲೂ ನೆನಪಿತ್ತು. ವಿಶ್ವವಿದ್ಯಾಲಯದ ಅರಿವು ಊರಿಗೆ ಮರಳಬೇಕು ಎಂಬ ಆ ಹಂಬಲ ನನ್ನನ್ನು ಬಹಳ ಮುಟ್ಟಿತು.

ಮನೆಗೆ ಬಂದು ಪ್ರಬಂಧ ಬಿಚ್ಚಿದೆ. ಮೊದಲ ಎರಡು ಅಧ್ಯಾಯ, ಅಂದರೆ ಪ್ರಸ್ತಾವನೆ ಮತ್ತು ಹಿಂದಿನ ಅಧ್ಯಯನಗಳ ಸಮೀಕ್ಷೆ, ಪೂರ್ತಿ ತೆಗೆದೆ. ಅನುಬಂಧವನ್ನು ಮುಂದೆ ತಂದೆ. ಆಮೇಲೆ ವಾಕ್ಯಗಳು. ಪ್ರಬಂಧದಲ್ಲಿ ನಾನು ಹೀಗೆ ಬರೆದಿದ್ದೆ: ‘ಸಾಂಪ್ರದಾಯಿಕ ಜಲ ನಿರ್ವಹಣಾ ವ್ಯವಸ್ಥೆಯಲ್ಲಿ ನೀರುಗಂಟಿಯ ಪಾತ್ರವು ಬಹುಮುಖಿ ಆಯಾಮಗಳನ್ನು ಹೊಂದಿರುವುದನ್ನು ಗಮನಿಸಬಹುದಾಗಿದೆ.’ ಪುಸ್ತಕದಲ್ಲಿ ಅದು ಹೀಗಾಯಿತು: ‘ತೂಬು ಎತ್ತಿದ ದಿನದಿಂದ ಕೊಯ್ಲಿನವರೆಗೆ ನೀರುಗಂಟಿ ರಾತ್ರಿ ಮನೆಯಲ್ಲಿ ಮಲಗುತ್ತಿರಲಿಲ್ಲ.’ ಎರಡನೆಯದನ್ನು ಬರೆಯಲು ನನಗೆ ಮೊದಲನೆಯದಕ್ಕಿಂತ ಹೆಚ್ಚು ಗೊತ್ತಿರಬೇಕಾಯಿತು. ಯಾವ ತಿಂಗಳು? ಎಲ್ಲಿ ಮಲಗುತ್ತಿದ್ದರು? ಏನು ಹೊದೆಯುತ್ತಿದ್ದರು? ಉತ್ತರ ಇಲ್ಲದ ಕಡೆ ಮತ್ತೆ ಬಸ್ ಹತ್ತಿ ಹಳ್ಳಿಗೆ ಹೋದೆ.

ಪದಗಳ ವಿಷಯದಲ್ಲಿ ನನಗೆ ಒಂದು ಹಳೆಯ ನೋವಿತ್ತು. ಮುಳಬಾಗಿಲು, ಶ್ರೀನಿವಾಸಪುರದ ಕಡೆ ಎಷ್ಟೋ ಮನೆಗಳ ಮಾತು ತೆಲುಗು. ಅಲ್ಲಿ ತೂಬಿಗೆ ‘ತೂಮು’ ಅನ್ನುತ್ತಾರೆ. ಕೋಡಿ ಬಿತ್ತು ಅನ್ನುವ ಬದಲು ‘ಮರವ ಪಾರಿಂದಿ’ ಅನ್ನುತ್ತಾರೆ. ಪ್ರಬಂಧದಲ್ಲಿ ಇವನ್ನೆಲ್ಲ ಕನ್ನಡಕ್ಕೆ ಬದಲಾಯಿಸಿಬಿಟ್ಟಿದ್ದೆ. ಕನ್ನಡ ವಿಭಾಗದ ಪ್ರಬಂಧ, ಹಾಗೇ ಇರಬೇಕು ಅಂತ ಯಾರೋ ಹೇಳಿದ್ದನ್ನು ನಂಬಿದ್ದೆ. ಪುಸ್ತಕದಲ್ಲಿ ಅವೆಲ್ಲ ವಾಪಸ್ ಬಂದವು. ಒಂದೇ ಏರಿಯ ಮೇಲೆ ಎರಡು ನುಡಿ ಓಡಾಡುವುದು ಕೋಲಾರದ ಸಹಜ ಗುಣ. ಅದನ್ನು ಅಳಿಸಿದರೆ ಕೋಲಾರವನ್ನೇ ಅಳಿಸಿದ ಹಾಗೆ ಅಲ್ವಾ? ಕೊನೆಯಲ್ಲಿ 14 ಪುಟಗಳ ಪದಕೋಶ ಸೇರಿಸಿದೆ. ಇಡೀ ಪುಸ್ತಕದಲ್ಲಿ ನನಗೆ ಹೆಚ್ಚು ಪ್ರೀತಿಯ ಭಾಗ ಅದು. ಹಳೆಯ ತೂಬಿನ ಚಿತ್ರವನ್ನೂ ಬರೆಸಿ ಹಾಕಿದೆ: ಎರಡು ನಿಲುವುಗಲ್ಲು, ನಡುವೆ ಅಡ್ಡ ಹಾಸಿದ ತೂತಿನ ಕಲ್ಲು, ಅದರೊಳಗಿಂದ ಇಳಿಯುವ ಮರದ ಕಂಬ, ಕಂಬದ ತುದಿಯಲ್ಲಿ ತಳದ ತೂತು ಮುಚ್ಚುವ ಬಿರಡೆ. ಕಂಬ ಎಷ್ಟು ಎತ್ತಿದರೆ ನೀರು ಅಷ್ಟು.

342 ಪುಟ 176 ಆಯಿತು. ಈ ಸಂಖ್ಯೆಗೂ ಕಾರಣ ಇದೆ. ಪ್ರೆಸ್ಸಿನವರ ಲೆಕ್ಕ ಫಾರಂಗಳಲ್ಲಿ, ಡೆಮಿ 1/8 ಆಕಾರದಲ್ಲಿ ಒಂದು ಫಾರಂ ಅಂದರೆ 16 ಪುಟ. 11 ಫಾರಂಗೆ 176. ನನ್ನದು ಮೊದಲು 181 ಪುಟ ಬಂದಿತ್ತು. ಐದು ಪುಟಕ್ಕಾಗಿ ಇನ್ನೊಂದು ಫಾರಂ ಹಿಡಿಯುವ ಬದಲು ಇನ್ನೊಮ್ಮೆ ಓದಿ ಬಿಗಿ ಮಾಡಿದೆ. ಪುಸ್ತಕಕ್ಕೆ ಅದರಿಂದ ಒಳ್ಳೆಯದೇ ಆಯಿತು.

ಮೂವರು ಪ್ರಕಾಶಕರನ್ನು ಕೇಳಿದ್ದೆ. ಒಬ್ಬರು ಉತ್ತರಿಸಲಿಲ್ಲ. ಒಬ್ಬರು ಎರಡು ವರ್ಷ ಕಾಯಬೇಕು ಅಂದರು. ಇನ್ನೊಬ್ಬರು ಮುದ್ರಣದ ಹಣ ನಾನೇ ಕೊಡಬೇಕು, ಪ್ರತಿಗಳು ಮಾತ್ರ ಅವರಲ್ಲಿರುತ್ತವೆ ಅಂದರು. ಕನ್ನಡ ಪುಸ್ತಕ ಪ್ರಾಧಿಕಾರದಲ್ಲಿ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಇದೆ. ನನ್ನ ವಯಸ್ಸು ಅದರ ಮಿತಿ ದಾಟಿತ್ತು. ಚಿಕ್ಕವರು ತಪ್ಪದೆ ಅರ್ಜಿ ಹಾಕಿ. ಕೊನೆಗೆ ನಾನೇ ಪ್ರಕಾಶಕಿಯಾದೆ. ಚೀಟಿಯ ಹಣ ಇತ್ತು, ತಮ್ಮ ಸ್ವಲ್ಪ ಸೇರಿಸಿದ. 500 ಪ್ರತಿ.

ಐಎಸ್‌ಬಿಎನ್ ಅಂದರೆ ಯಾರಿಗೋ ದುಡ್ಡು ಕೊಟ್ಟು ತರಿಸುವ ನಂಬರ್ ಅಂತ ನನ್ನ ಸುತ್ತ ಬಹಳ ಜನ ಅಂದುಕೊಂಡಿದ್ದರು. ಹಾಗಲ್ಲ. ಭಾರತದಲ್ಲಿ ಅದನ್ನು ಕೊಡುವುದು ಕೇಂದ್ರ ಶಿಕ್ಷಣ ಸಚಿವಾಲಯದ ರಾಜಾ ರಾಮಮೋಹನ್ ರಾಯ್ ರಾಷ್ಟ್ರೀಯ ಏಜೆನ್ಸಿ. ಲೇಖಕರೇ ಪ್ರಕಾಶಕರಾಗಿದ್ದರೂ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು. ಶುಲ್ಕ ಇಲ್ಲ. ಗುರುತಿನ ದಾಖಲೆ, ಪುಸ್ತಕದ ಶೀರ್ಷಿಕೆ ಪುಟ ಇವನ್ನೆಲ್ಲ ಸರಿಯಾಗಿ ಸೇರಿಸಬೇಕು. ನನ್ನ ಮೊದಲ ಅರ್ಜಿ ಶೀರ್ಷಿಕೆ ಪುಟ ಸ್ಪಷ್ಟವಿಲ್ಲ ಅಂತ ವಾಪಸ್ ಬಂತು, ಎರಡನೆಯದು ದಾಟಿತು. 978-93ರಿಂದ ಶುರುವಾಗುವ ಹದಿಮೂರು ಅಂಕಿ. ಮೊಬೈಲಿನಲ್ಲಿ ಅದನ್ನು ನೋಡಿದ ರಾತ್ರಿ ನಿದ್ದೆ ಬರಲಿಲ್ಲ.

ಆ ಅಂಕಿಗಳಲ್ಲಿ ಒಂದು ಚಂದದ ಲೆಕ್ಕ ಅಡಗಿದೆ. ಮೊದಲ ಅಂಕಿಯನ್ನು 1ರಿಂದ, ಎರಡನೆಯದನ್ನು 3ರಿಂದ, ಮೂರನೆಯದನ್ನು ಮತ್ತೆ 1ರಿಂದ, ಹೀಗೇ ಗುಣಿಸುತ್ತಾ ಹೋಗಿ. ಎಲ್ಲವನ್ನೂ ಕೂಡಿಸಿ. ಮೊತ್ತ 10ರಿಂದ ಪೂರ್ತಿ ಭಾಗವಾಗಬೇಕು. ರಕ್ಷಾಪುಟದ ಕೊನೆಯ ಪ್ರೂಫ್ ಬಂದಾಗ ಸುಮ್ನೆ ಕೂಡಿಸಿ ನೋಡಿದೆ. 118 ಬಂತು. ಮತ್ತೆ ಮಾಡಿದೆ, ಮತ್ತೆ 118. ಪಕ್ಕ ಪಕ್ಕದ 4 ಮತ್ತು 3 ಅದಲು ಬದಲಾಗಿದ್ದವು. ಇನ್ನರ್ಧ ದಿನ ತಡವಾಗಿದ್ದರೆ 500 ರಕ್ಷಾಪುಟವೂ ತಪ್ಪು ನಂಬರಿನಲ್ಲೇ ಬರುತ್ತಿದ್ದವು. ಒಳಪುಟಗಳ ಪ್ರೂಫ್ ನಾಲ್ಕು ಸಲ ನೋಡಿದ್ದ ನಾನು ಈ ಒಂದು ಸಾಲನ್ನು ನಾಲ್ಕು ಸಲವೂ ದಾಟಿಕೊಂಡು ಹೋಗಿದ್ದೆ. ಅದಕ್ಕೇ ಹೇಳುತ್ತೇನೆ, ಈ ಲೆಕ್ಕ ಮಾಡಿ ನೋಡಿ. ಎರಡು ನಿಮಿಷದ ಕೆಲಸ.

2024ರ ನವೆಂಬರಿನಲ್ಲಿ ಕಟ್ಟುಗಳು ಮನೆಗೆ ಬಂದವು. ಆಟೊದಿಂದ ಇಳಿಸುವಾಗ ಹೊಸ ಕಾಗದದ ವಾಸನೆ ಹಜಾರವೆಲ್ಲ ತುಂಬಿತು. ಮಗಳು ಒಂದು ಪ್ರತಿ ಎತ್ತಿಕೊಂಡು ಕೂಡಿಸಿ ಕೂಡಿಸಿ ನನ್ನ ಹೆಸರು ಓದಿದಳು.

ಮೊದಲು ಅಂಚೆಗೆ ಹಾಕಿದ್ದು ನಾಲ್ಕು ಪ್ರತಿ. 1954ರ ಒಂದು ಕಾಯ್ದೆ ಇದೆ. ದೇಶದಲ್ಲಿ ಪುಸ್ತಕ ಪ್ರಕಟಿಸುವ ಯಾರೇ ಆಗಲಿ, 30 ದಿನದೊಳಗೆ ತಮ್ಮ ಖರ್ಚಿನಲ್ಲಿ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಒಂದು ಪ್ರತಿ, ಜೊತೆಗೆ ಚೆನ್ನೈನ ಕನ್ನೆಮರ, ಮುಂಬೈನ ಸೆಂಟ್ರಲ್ ಲೈಬ್ರರಿ, ದೆಹಲಿ ಪಬ್ಲಿಕ್ ಲೈಬ್ರರಿಗೆ ಒಂದೊಂದು ಕಳಿಸಬೇಕು. ಸ್ವಂತವಾಗಿ ಪುಸ್ತಕ ತರುವವರಲ್ಲಿ ಇದನ್ನು ಮಾಡುವವರು ಕಡಿಮೆ. ನನಗೆ ಇದು ಹೊರೆ ಅನ್ನಿಸಲಿಲ್ಲ. ಕೋಲಾರದ ನೀರುಗಂಟಿಯ ಮಾತು ಕೋಲ್ಕತ್ತದ ಕಪಾಟಿನಲ್ಲಿ ಇರುತ್ತದೆ. ನಾವು ಯಾರೂ ಇಲ್ಲದ ಕಾಲಕ್ಕೂ ಇರುತ್ತದೆ.

ಬಿಡುಗಡೆ ಸಮಾರಂಭ ಮಾಡಲಿಲ್ಲ. ಐದನೇ ಪ್ರತಿ ಚೀಲದಲ್ಲಿಟ್ಟುಕೊಂಡು ಮುಳಬಾಗಿಲಿನ ಬಸ್ ಹತ್ತಿದೆ.

ಅಜ್ಜನ ಕಣ್ಣಿಗೆ ಪೊರೆ ಬಂದಿತ್ತು. ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು ತೂಕ ನೋಡಿದರು. ಮೊಮ್ಮಗಳು ಡಿಗ್ರಿ ಎರಡನೇ ವರ್ಷದಲ್ಲಿದ್ದಾಳೆ. ಜಗಲಿಯಲ್ಲಿ ಕೂತು ಜೋರಾಗಿ ಓದತೊಡಗಿದಳು. ಅವಳು ಎಲ್ಲೂ ತಡವರಿಸದೆ ಓದುತ್ತಿದ್ದಳು, ಅದನ್ನೇ ನಾನು ಉಸಿರು ಬಿಗಿಹಿಡಿದು ಕೇಳುತ್ತಿದ್ದೆ. ಪಕ್ಕದ ಮನೆಯವರು ಬಂದು ಕೂತರು. ‘ಮರವ’ ಅನ್ನುವ ಪದ ಬಂದಾಗ ಅಜ್ಜ ‘ಆ, ಮರವ’ ಅಂದು ತಲೆಯಾಡಿಸಿದರು.

63ನೇ ಪುಟಕ್ಕೆ ಬಂದಾಗ ಕೈ ಎತ್ತಿ ನಿಲ್ಲಿಸಿದರು. ಮಳೆ ಕಡಿಮೆಯಾದ ವರ್ಷ ನೀರನ್ನು ಮೊದಲು ಅಚ್ಚುಕಟ್ಟಿನ ಕೊನೆಯ ಗದ್ದೆಗಳಿಗೆ ಬಿಡುತ್ತಿದ್ದರು ಅಂತ ನಾನು ಬರೆದಿದ್ದೆ. ‘ಅದು ಪೂರ್ತಿ ಸರಿಯಲ್ಲ ತಾಯಿ’ ಅಂದರು. ‘ಅಂಥ ವರ್ಷ ಊರವರೆಲ್ಲ ಕೂತು, ಇಷ್ಟೇ ಗದ್ದೆ ನಾಟಿ ಅಂತ ಮೊದಲೇ ಅಳೆದು ಗುರುತು ಹಾಕ್ತಿದ್ವಿ. ಕೊನೇ ಗದ್ದೆಯವನಿಗೂ ತೂಬಿನ ಹತ್ತಿರಾನೇ ಒಂದು ತುಂಡು ಕೊಡ್ತಿದ್ವಿ, ಆ ಬೆಳೆಗೆ ಮಾತ್ರ. ನೀರು ಅಲ್ಲಿಗೆ ಹೋಗ್ತಿರಲಿಲ್ಲ, ಅವನೇ ಇಲ್ಲಿಗೆ ಬರ್ತಿದ್ದ.’

ಐದು ವರ್ಷ ಅವರ ಜೊತೆ ಮಾತಾಡಿದ್ದೆ. ಈ ಪ್ರಶ್ನೆಯನ್ನು ನಾನು ಈ ರೀತಿ ಕೇಳಿರಲೇ ಇಲ್ಲ. ಅಲ್ಲೇ ಪೆನ್ಸಿಲಿನಲ್ಲಿ ಬರೆದುಕೊಂಡೆ. ಇನ್ನೊಮ್ಮೆ ಹೇಳಿಸಿಕೊಂಡೆ, ಪಕ್ಕದ ಊರಿನ ಇನ್ನೊಬ್ಬರ ಹತ್ತಿರವೂ ಹೋಗಿ ಕೇಳಿದೆ. ಅವರೂ ಅದನ್ನೇ ಹೇಳಿದರು.

ಈಗ ಮನೆಯಲ್ಲಿ 212 ಪ್ರತಿ ಉಳಿದಿವೆ. ದಿನಾ ಸಂಜೆ ಹತ್ತು ಹದಿನೈದು ಪ್ರತಿಗಳ 63ನೇ ಪುಟಕ್ಕೆ ಅಜ್ಜನ ಮಾತು ಅಚ್ಚು ಮಾಡಿಸಿದ ಚೀಟಿ ಅಂಟಿಸುತ್ತಿದ್ದೇನೆ. ಗೋಂದು ಹಚ್ಚುವುದು ಮಗಳ ಕೆಲಸ.